ಬಾವಲಿ ತೋರಣ ಮೀಮಾಂಸೆ

ಪೀಠಿಕೆ

ಸಂಶೋಧನೆಗೆ ಬೇಕಾದವು ಮೂರು: ಸಮಸ್ಯೆ, ಸಾಮಗ್ರಿ, ಬಿಡುವು. ಆರು ತಿಂಗಳ ಮಟ್ಟಿಗೆ ನ್ಯೂಜೆರ್ಸಿಯ ಮಗನ ಮನೆಗೆ ಬಂದಿಳಿದ ನಿವೃತ್ತ ಕನ್ನಡ ಮೇಷ್ಟ್ರಿಗೆ ಮೂರನೆಯದರ ಕೊರತೆಯಿಲ್ಲ. ಎರಡನೆಯದನ್ನು 2024ರ ಅಕ್ಟೋಬರ್ ನಡುವೆ ಒಂದು ಸಂಜೆ ಸೊಸೆ ರಟ್ಟಿನ ಪೆಟ್ಟಿಗೆಯಲ್ಲಿ ತಂದು ಊಟದ ಮೇಜಿನ ಮೇಲೆ ಸುರಿದಳು: ಕಪ್ಪು ಬಟ್ಟೆಯ ಬಾವಲಿಗಳ ಸರ ಒಂದು, ಹಲ್ಲುಕಿರಿದ ಕುಂಬಳಕಾಯಿ ಮೋರೆಗಳದ್ದು ಒಂದು, ಬಿಳಿಯ ತಲೆಬುರುಡೆಗಳದ್ದು ಒಂದು. "ಮಾವ, ಹ್ಯಾಲೋವೀನ್ ಬಂತು, ಇವನ್ನ ಬಾಗಿಲಿಗೆ ಕಟ್ಟಿಬಿಡ್ತೀರಾ?" ಎಂದಳು. ಮೊದಲನೆಯದು, ಅಂದರೆ ಸಮಸ್ಯೆ, ಆ ಕ್ಷಣವೇ ಹುಟ್ಟಿತು.

ಜೀವಮಾನವಿಡೀ ಬಾಗಿಲಿಗೆ ಮಾವಿನೆಲೆ ಕಟ್ಟಿದ ಕೈಯಲ್ಲಿ ತಲೆಬುರುಡೆ ಕಟ್ಟುವುದು ಹೇಗೆ? ಶಾಸ್ತ್ರಾಧಾರವಿಲ್ಲದೆ ನಾನು ಕುರ್ಚಿ ಹತ್ತುವವನಲ್ಲ. ಈ ವಿಷಯದಲ್ಲಿ ಕನ್ನಡದಲ್ಲಿ ಶಾಸ್ತ್ರವೇ ಇದ್ದಂತೆ ಕಾಣಲಿಲ್ಲವಾದ್ದರಿಂದ ಅದನ್ನು ರಚಿಸುವ ಹೊಣೆ ನನ್ನ ಮೇಲೆ ಬಿತ್ತು. ಸೂತ್ರಗಳು ನನ್ನವು, ವ್ಯಾಖ್ಯಾನವೂ ನನ್ನದೇ. ಆಕ್ಷೇಪ ಎತ್ತುವ ಪೂರ್ವಪಕ್ಷ ಮಾತ್ರ ನನ್ನಾಕೆಯದು. ಮೂವತ್ತೆಂಟು ವರ್ಷಗಳಿಂದ ಆ ಹುದ್ದೆ ಆಕೆಯದೇ.

ಲಕ್ಷಣ ಪ್ರಕರಣ

ಸೂತ್ರ 1: ನೂಲಿದ್ದರೆ ಹಾರ, ಇಲ್ಲದಿದ್ದರೆ ಕಸ.

ಪೂರ್ವಪಕ್ಷ: "ಹಾರ ಅಂದ್ರೆ ಹೂವಿಂದು. ಇದು ಬಟ್ಟೆ ಚೂರು."

ಸಮಾಧಾನ: ಹಾಗೆನ್ನಲಾಗದು. ಹಾವೇರಿಯ ಏಲಕ್ಕಿ ಹಾರದಲ್ಲಿ ಹೂವೆಲ್ಲಿದೆ? ಆಂಜನೇಯನ ಕೊರಳಿನ ವಡೆ ಹಾರದಲ್ಲಿ? ದೇವಿಗೆ ಹಾಕುವ ನಿಂಬೆಹಣ್ಣಿನ ಹಾರದಲ್ಲಿ? ಚುನಾವಣೆ ಬಂದಾಗ ನಮ್ಮ ನಾಯಕರ ನೆತ್ತಿಯ ಮೇಲೆ ಕ್ರೇನಿನಿಂದ ಇಳಿಯುವ ಸೇಬಿನ ಹಾರದಲ್ಲಿ? ಅದೇ ನಾಯಕರಿಗೆ ಚುನಾವಣೆಯ ಮರುವರ್ಷ ಬೀಳುವ ಚಪ್ಪಲಿ ಹಾರದಲ್ಲಿ? ಪೋಣಿಸಿದ್ದು ಏನೆಂಬುದು ಗೌಣ, ಪೋಣಿಸಿದ ನೂಲು ಪ್ರಧಾನ.

ಇನ್ನು ತಲೆಬುರುಡೆ. ಇದನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ನಾನೂ ಬೆವೆತದ್ದು ನಿಜ. ಆಮೇಲೆ ನೆನಪಾಯಿತು: ಬೆಳಗೆದ್ದು ನಾನು ಕೈಮುಗಿಯುವ ಶಿವನ ಕೊರಳಲ್ಲಿರುವುದು ರುಂಡಮಾಲೆ. ಕಾಳಿಯ ಕೊರಳಲ್ಲೂ ಅದೇ. ಅಮೆರಿಕದವರು ಅದನ್ನು ದೇವರ ಕೊರಳಿಂದ ಬಾಗಿಲ ಕೊರಳಿಗೆ ವರ್ಗಾಯಿಸಿದ್ದಾರೆ, ಅಷ್ಟೆ. ಪೂರ್ವಪಕ್ಷವು ಇಲ್ಲಿ "ಹ್ಞೂಂ" ಎಂದು ಅಡುಗೆಮನೆಗೆ ಹೋಯಿತಾದ್ದರಿಂದ ಸಿದ್ಧಾಂತ ಸ್ಥಾಪಿತವಾಯಿತು.

ಮಾನ ಪ್ರಕರಣ

ಸೂತ್ರ 2: ಊರು ಬೇರೆಯಾದರೂ ತೋಳು ಒಂದೇ.

ಇಲ್ಲಿನ ಅಂಗಡಿಗಳಲ್ಲಿ ಹಾರಗಳು ಸಾಮಾನ್ಯವಾಗಿ ಆರು ಅಡಿಯವು. ಏಕೆ ಆರು? ಐದಲ್ಲ, ಏಳಲ್ಲ? ಬೆಂಗಳೂರಿನ ಗಾಂಧಿಬಜಾರಿನಲ್ಲಿ ಹೂವಿನಾಕೆಯ ಮುಂದೆ ನಿಂತವರಿಗೆ ಉತ್ತರ ಸುಲಭ. ಒಂದು ಮೊಳ ಎಂದರೆ ಒಂದೂವರೆ ಅಡಿ. ನಾಲ್ಕು ಮೊಳ ಒಂದು ಮಾರು. ಆರು ಅಡಿ ಎಂದರೆ ಸರಿಯಾಗಿ ಒಂದು ಮಾರು! ನಾವು ಸೇವಂತಿಗೆ ಕೊಳ್ಳುವ ಅಳತೆಯಲ್ಲೇ ಇವರು ಬಾವಲಿ ಕೊಳ್ಳುತ್ತಿದ್ದಾರೆ. ವ್ಯತ್ಯಾಸವೊಂದೇ: ನಮ್ಮ ಹೂವಿನಾಕೆಯ ಮೊಳ ಹಬ್ಬದ ಹಿಂದಿನ ದಿನ ಗೇಣಾಗುತ್ತದೆ, ಇಲ್ಲಿನದು ಹಾಗೇ ಇರುತ್ತದೆ.

ಬಾಗಿಲಿನ ಗಣಿತ ಹೀಗಿದೆ. ಇಲ್ಲಿನ ಮುಂಬಾಗಿಲ ಅಗಲ ಸಾಮಾನ್ಯವಾಗಿ 36 ಇಂಚು, ಎತ್ತರ 80 ಇಂಚು. ಮೇಲಿನ ಅಡ್ಡಪಟ್ಟಿಯನ್ನೂ ಎರಡು ಪಕ್ಕಗಳನ್ನೂ ಸುತ್ತಲು 196 ಇಂಚು ಬೇಕು, ಅಂದರೆ ಸುಮಾರು ಎರಡೂಮುಕ್ಕಾಲು ಮಾರು. ಮೂರು ಸರ ತಂದ ಸೊಸೆಯ ಲೆಕ್ಕ ಸರಿಯಾಗಿತ್ತು. ನಾನು ಇದನ್ನು ಕಂಡುಹಿಡಿಯಲು ಎರಡು ದಿನ ತೆಗೆದುಕೊಂಡೆ. ಆಕೆ ಕಣ್ಣಳತೆಯಲ್ಲಿ ತಂದಿದ್ದಳು.

ಹಾರ ಜೋತುಬೀಳುವ ಬಾಗಿನ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಪ್ರಬಂಧ ಅಪೂರ್ಣ. ಎರಡು ತುದಿ ಕಟ್ಟಿದ ಸರಪಳಿ ಯಾವ ರೇಖೆಯಲ್ಲಿ ತೂಗುತ್ತದೆ ಎಂಬ ಪ್ರಶ್ನೆಯನ್ನು 1690ರಲ್ಲಿ ಯಾಕೋಬ್ ಬೆರ್ನುಲಿ ಯುರೋಪಿನ ಗಣಿತಜ್ಞರ ಮುಂದಿಟ್ಟ. ಮರುವರ್ಷ ಲೈಬ್ನಿಟ್ಸ್, ಹೈಗೆನ್ಸ್ ಮತ್ತು ಬೆರ್ನುಲಿಯ ತಮ್ಮ ಯೋಹಾನ್ ಉತ್ತರ ಕೊಟ್ಟರು. ಆದರೆ ಅವರು ಊಹಿಸಿದ್ದು ಎಲ್ಲೆಡೆ ಒಂದೇ ತೂಕದ ಸರಪಳಿಯನ್ನು. ನಡುವೆ ಒಂದು ದಪ್ಪ ಕುಂಬಳಕಾಯಿ ಮೋರೆ ತೂಗಿದಾಗ ಆ ಸಮೀಕರಣ ಕೈಕೊಡುತ್ತದೆ. ಕುರ್ಚಿಯೂ ಕೈಕೊಡುತ್ತದೆ ಎಂಬುದನ್ನು ಪ್ರಯೋಗದಿಂದ ದೃಢಪಡಿಸಿದ್ದೇನೆ.

ಇತಿಹಾಸ ಪ್ರಕರಣ

ಹ್ಯಾಲೋವೀನ್ ಎಂಬುದು ನವೆಂಬರ್ 1ರ ಸಕಲ ಸಂತರ ಹಬ್ಬದ ಹಿಂದಿನ ಸಂಜೆ. ಅದರ ಬುಡದಲ್ಲಿ ಐರ್ಲೆಂಡ್ ಕಡೆಯ ಕೆಲ್ಟ್ ಜನರ ಹಳೆಯ ಹಬ್ಬವೊಂದಿದೆ. ಸುಗ್ಗಿ ಮುಗಿದು ಚಳಿ ಕಾಲಿಡುವ ಹೊತ್ತಿನಲ್ಲಿ ಸತ್ತವರಿಗೂ ಬದುಕಿದವರಿಗೂ ನಡುವಿನ ಬಾಗಿಲು ಸಡಿಲವಾಗುತ್ತದೆಂಬ ನಂಬಿಕೆ ಅವರದು. ಆ ಹಬ್ಬದ ಹೆಸರಿನ ಉಚ್ಚಾರ, ಓದುಗರು ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕು, 'ಸಾವಿನ್'!

ಸತ್ತವರ ಹಬ್ಬಕ್ಕೆ 'ಸಾವಿನ' ಎಂದು ಹೆಸರಿಡಬಲ್ಲವರು ಕನ್ನಡಿಗರಲ್ಲದೆ ಮತ್ತಾರು? ಕದಂಬರ ಯಾವುದೋ ಹಡಗು ದಾರಿ ತಪ್ಪಿ ಡಬ್ಲಿನ್ ತೀರ ಸೇರಿರಬೇಕೆಂದು ಹದಿನೆಂಟು ಪುಟ ಬರೆದೆ. ಐರಿಷ್ ಪಂಡಿತರು ಆ ಪದಕ್ಕೆ 'ಬೇಸಿಗೆಯ ಕೊನೆ' ಎಂಬ ಅರ್ಥ ಹೇಳುತ್ತಾರೆಂದು ಮಗ ಫೋನಿನಲ್ಲಿ ತೋರಿಸಿದ. ಹದಿನೆಂಟು ಪುಟಗಳನ್ನೂ ಮೊಮ್ಮಗಳು ಬಾವಲಿ ಕತ್ತರಿಸಲು ಬಳಸಿಕೊಂಡಳು. ಸಂಶೋಧನೆ ಎಂದೂ ವ್ಯರ್ಥವಾಗುವುದಿಲ್ಲ ಎಂಬುದಕ್ಕೆ ಇದು ನಿದರ್ಶನ.

ಐರ್ಲೆಂಡಿನಲ್ಲಿ ಟರ್ನಿಪ್ ಗಡ್ಡೆ ಕೊರೆದು ಒಳಗೆ ದೀಪ ಇಡುತ್ತಿದ್ದರು. ಅಮೆರಿಕಕ್ಕೆ ವಲಸೆ ಬಂದವರಿಗೆ ಇಲ್ಲಿನ ಕುಂಬಳಕಾಯಿ ಸಿಕ್ಕಿತು: ದೊಡ್ಡದು, ಮೆತ್ತಗಿನದು, ಕೊರೆಯಲು ಸಲೀಸು. ಮನೆ ಸಿಂಗಾರದ ಕತೆ ಇನ್ನೂ ಈಚಿನದು, ಅದರ ಆದಿ ಕಾಗದದಲ್ಲಿದೆ. ಮ್ಯಾಸಚೂಸೆಟ್ಸಿನ ಡೆನಿಸನ್ ಕಂಪನಿ ಕ್ರೇಪ್ ಕಾಗದ ಮಾರುತ್ತಿತ್ತು. ಆ ಕಾಗದವನ್ನು ಮನೆಯ ತುಂಬ ಹೇಗೆ ಇಳಿಬಿಡಬೇಕೆಂದು ಕಲಿಸಲು 1909ರಲ್ಲಿ 'ಬೋಗಿ ಬುಕ್' ಎಂಬ ಕಿರುಪುಸ್ತಕ ತಂದಿತು. ಇಂಗ್ಲಿಷಿನ ಬೋಗಿ ಎಂದರೆ ನಮ್ಮ ಗುಮ್ಮ. ಗುಮ್ಮನ ಪುಸ್ತಕ ಓದಿ ಗೃಹಿಣಿಯರು ಕಾಗದ ಕೊಂಡರು. ಪೆನ್ಸಿಲ್ವೇನಿಯಾದ ಬೈಸಲ್ ಕಂಪನಿ 1920ರ ದಶಕದಲ್ಲಿ ಇದೇ ದಾರಿ ಹಿಡಿಯಿತು. ನೀತಿ: ಶಾಸ್ತ್ರ ಬರೆದವನಿಗಿಂತ ಸಾಮಗ್ರಿ ಮಾರಿದವನು ಸುಖಿ.

ಅಂದಿನ ಕಾಗದದ ಸರ ಇಂದು ಎಲ್ಲಿಗೆ ಬಂತೆಂದರೆ, ಚಿಲ್ಲರೆ ವ್ಯಾಪಾರಿಗಳ ರಾಷ್ಟ್ರೀಯ ಒಕ್ಕೂಟದ ಅಂದಾಜಿನಂತೆ 2023ರ ಹ್ಯಾಲೋವೀನಿಗೆ ಅಮೆರಿಕನ್ನರ ಖರ್ಚು 1,220 ಕೋಟಿ ಡಾಲರ್. ಅದರಲ್ಲಿ ಅಲಂಕಾರದ್ದೇ 390 ಕೋಟಿ. ಹೋಮ್ ಡಿಪೋ ಅಂಗಡಿ 2020ರಲ್ಲಿ 12 ಅಡಿಯ ಅಸ್ಥಿಪಂಜರ ಮಾರಾಟಕ್ಕಿಟ್ಟಿತು. ನಮ್ಮ ಲೆಕ್ಕದಲ್ಲಿ ಎರಡು ಮಾರು. ಎದುರು ಮನೆಯ ಅಂಗಳದಲ್ಲಿ ಅಂಥದ್ದೊಂದು ನಿಂತಿದೆ. ಬೆಳಗಿನ ವಾಕಿಂಗ್‌ನಲ್ಲಿ ಮೊದಲ ವಾರ ನಾನು ಪಕ್ಕದ ರಸ್ತೆ ಹಿಡಿಯುತ್ತಿದ್ದೆ. ಎರಡನೇ ವಾರದಿಂದ ಅದಕ್ಕೆ ನಮಸ್ಕಾರ ಹೇಳುತ್ತೇನೆ.

ಮೂಲ ಪ್ರಕರಣ

ಸೂತ್ರ 3: ಕುಂಬಳಕಾಯಿ ಕಳ್ಳನೆಂದರೆ ಇಬ್ಬರೂ ಹೆಗಲು ಮುಟ್ಟಿಕೊಳ್ಳಬೇಕು.

"ನಮ್ಮ ಹಬ್ಬದಲ್ಲಿ ಚೆಂಡುಹೂವು, ಇವರದ್ರಲ್ಲಿ ಕುಂಬಳಕಾಯಿ. ಎಲ್ಲಿಂದೆಲ್ಲಿಗೆ?" ಎಂದು ಪೂರ್ವಪಕ್ಷ ಕೇಳಿತು. ಇಲ್ಲಿ ನನ್ನ ಸಂಶೋಧನೆಗೆ ಆಘಾತಕಾರಿ ತಿರುವು ಸಿಕ್ಕಿತು. ಆಯುಧಪೂಜೆಗೆ ಬಸ್ಸು, ಲಾರಿ, ಸೈಕಲ್ಲು, ಹೊಲಿಗೆ ಯಂತ್ರಗಳಿಗೆಲ್ಲ ನಾವು ಸುತ್ತುವ ಚೆಂಡುಹೂವಿನ ತವರು ಮೆಕ್ಸಿಕೊ. ಕೊಲಂಬಸ್ಸನ ನಂತರದ ಹಡಗುಗಳು ಅದನ್ನು ನಮ್ಮ ದಡಕ್ಕೆ ತಂದವು. ಮೆಕ್ಸಿಕೊದಲ್ಲಿ ನವೆಂಬರ್ 1 ಮತ್ತು 2ರಂದು ಸತ್ತವರ ದಿನ. ಅಗಲಿದವರು ಮನೆಯ ದಾರಿ ಹುಡುಕಿ ಬರಲೆಂದು ಅಲ್ಲಿನವರು ಹಾಸುವುದೂ ಕಮಾನು ಕಟ್ಟುವುದೂ ಇದೇ ಚೆಂಡುಹೂವಿನಿಂದ. ಅಲ್ಲಿ ಪಿತೃಗಳ ಹೂವು, ನಮ್ಮಲ್ಲಿ ಲಾರಿಯ ಹೂವು.

ಸಿಹಿಗುಂಬಳವೂ ಅಮೆರಿಕ ಖಂಡದ್ದೇ. ಇನ್ನೂ ಕೇಳಿ: ದೃಷ್ಟಿ ತಾಗದಿರಲೆಂದು ನಾವು ನಿಂಬೆಯ ಜೊತೆ ಪೋಣಿಸುವ ಮೆಣಸಿನಕಾಯಿಯೂ ಆ ಖಂಡದಿಂದಲೇ ಬಂದದ್ದು. ಹಾಗಾದರೆ ಕೊಲಂಬಸ್ಸಿಗಿಂತ ಮುಂಚೆ ನಮ್ಮ ಅಂಗಡಿಗಳಿಗೆ ದೃಷ್ಟಿ ತಾಗುತ್ತಿತ್ತೇ? ತಾಗುತ್ತಿದ್ದರೆ ತೆಗೆಯುತ್ತಿದ್ದುದು ಹೇಗೆ? ಈ ಪ್ರಶ್ನೆಯನ್ನು ಮುಂದಿನ ಪೀಳಿಗೆಗೆ ಬಿಡುತ್ತೇನೆ. ಕೊಲಂಬಸ್ಸನ ಹಂಗಿಲ್ಲದೆ ನಮ್ಮಲ್ಲಿದ್ದದ್ದು ಬೂದುಗುಂಬಳ. ಬೆಂಗಳೂರಿನಲ್ಲಿ ಕಟ್ಟುತ್ತಿರುವ ಮನೆಗಳ ಮುಂದೆ ಮೀಸೆ, ಕೋರೆಹಲ್ಲು ಬರೆಸಿಕೊಂಡು ತೂಗುವ ಅದರ ಮೋರೆಯನ್ನೂ ಇಲ್ಲಿನ ಕೊರೆದ ಕುಂಬಳದ ಮೋರೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಅಣ್ಣತಮ್ಮಂದಿರ ಸಂಶಯ ಬಾರದಿರದು. ಒಬ್ಬ ಒಳಗೆ ದೀಪ ಹಚ್ಚಿಕೊಂಡ, ಇನ್ನೊಬ್ಬ ಮೀಸೆ ಬಿಟ್ಟ.

ಸೇವಂತಿಗೆಯ ವಿಚಾರ ಮಾತ್ರ ಕರುಳು ಕಿವುಚುವಂಥದ್ದು. ಈ ಋತುವಿನಲ್ಲಿ ಇಲ್ಲಿನ ಪ್ರತಿ ಮೆಟ್ಟಿಲ ಮೇಲೂ ಸೇವಂತಿಗೆ ಕುಂಡಗಳಿವೆ, ರಾಶಿರಾಶಿ ಅರಳಿವೆ, ಯಾರೂ ಕಟ್ಟುವುದಿಲ್ಲ! ನನ್ನಾಕೆ ದಿನಾ ಸಂಜೆ ಪಕ್ಕದ ಮನೆಯ ಕುಂಡದ ಮುಂದೆ ನಿಂತು ಬೆರಳಲ್ಲೇ ಗಂಟು ಹಾಕುತ್ತಾಳೆ. ಇಲ್ಲಿಯವರೆಗೆ ಕಿತ್ತಿಲ್ಲ. ಹೊಣೆ ನನ್ನದಲ್ಲ.

ಭೇದ ಪ್ರಕರಣ

ಬಾವಲಿ, ಬುರುಡೆ, ಕುಂಬಳಗಳಲ್ಲದೆ ಇನ್ನೆರಡು ಜಾತಿಯ ಹಾರಗಳನ್ನು ದಾಖಲಿಸಬೇಕು. ಮೊದಲನೆಯದು ಒಣಕಿತ್ತಳೆ. ಹಣ್ಣನ್ನು ಬಿಲ್ಲೆಯಾಗಿ ಕೊಯ್ದು ಓವನ್ನಿನ ಸಣ್ಣ ಕಾವಿನಲ್ಲಿ ನಾಲ್ಕಾರು ಗಂಟೆ ಒಣಗಿಸಿ ಪೋಣಿಸುತ್ತಾರೆ. "ಬಿಸಿಲಿದ್ರೆ ಸಂಡಿಗೆ ಜೊತೆಗೇ ಆಗೋದು" ಎಂಬುದು ಪೂರ್ವಪಕ್ಷದ ಟಿಪ್ಪಣಿ. ಎರಡನೆಯದು ಹತ್ತಿಯಂಥ ಕೃತಕ ಜೇಡರಬಲೆ. ಹಬ್ಬ ಬಂತೆಂದರೆ ಪೊರಕೆಗೆ ಕೋಲು ಕಟ್ಟಿ ಬಲೆ ತೆಗೆಯುವವರು ನಾವು. ಅದನ್ನೇ ದುಡ್ಡು ಕೊಟ್ಟು ತಂದು ಗಿಡಗಳಿಗೆ ಹರಡುವುದನ್ನು ನೋಡಿ ನನ್ನಾಕೆ ಒಂದು ಹೊತ್ತು ಮಾತೇ ಆಡಲಿಲ್ಲ. ಅಂಗಳದ ಬಲೆಯಲ್ಲಿ ಸಣ್ಣ ಹಕ್ಕಿಗಳು ಸಿಕ್ಕಿಬೀಳುತ್ತವೆಂದು ಇಲ್ಲಿನ ವನ್ಯಜೀವಿ ರಕ್ಷಕರೇ ಎಚ್ಚರಿಸುತ್ತಾರೆ. ಪೊರಕೆಗೆ ಹೀಗೆ ವೈಜ್ಞಾನಿಕ ಬೆಂಬಲ ಸಿಕ್ಕಿತು.

ಸಿದ್ಧಾಂತ

ಸೂತ್ರ 4: ಹಾರವು ಬಾಗಿಲಿನ ನಾಲಗೆ.

ಇದು ಈ ಪ್ರಬಂಧದ ತಿರುಳು. ಬಾಗಿಲಿಗೆ ಕಟ್ಟಿದ್ದೆಲ್ಲ ಬಾಗಿಲು ಆಡುವ ಮಾತು. ಮಾವಿನ ತೋರಣ 'ಬಾ' ಎನ್ನುತ್ತದೆ. ನಿಂಬೆ-ಮೆಣಸಿನಕಾಯಿ 'ಬರಬೇಡ' ಎನ್ನುತ್ತದೆ. ಇವೆರಡರ ನಡುವೆ ನಮ್ಮವರು ಇನ್ನೊಂದು ದಾರಿ ಕಂಡುಕೊಂಡಿದ್ದರು. ರಾತ್ರಿ ಬಾಗಿಲು ತಟ್ಟುವ ದೆವ್ವಕ್ಕೆ ಓದಲೆಂದು ಗೋಡೆಯ ಮೇಲೆ 'ನಾಳೆ ಬಾ' ಎಂದು ಬರೆಯುವುದು. ದೆವ್ವ ಓದಿ ಹಿಂದಿರುಗುತ್ತದೆ, ಮರುದಿನ ಮತ್ತೆ ಓದಿ ಹಿಂದಿರುಗುತ್ತದೆ. ದೆವ್ವಗಳ ಮೇಲೆ ಯಶಸ್ವಿಯಾದ ಈ ತಂತ್ರವನ್ನು ಸರ್ಕಾರಿ ಕಚೇರಿಗಳು ಆಮೇಲೆ ಮನುಷ್ಯರಿಗೂ ವಿಸ್ತರಿಸಿದವು.

ಹ್ಯಾಲೋವೀನ್ ಹಾರ ಇವು ಯಾವುದಕ್ಕೂ ಸೇರುವುದಿಲ್ಲ. ಅದು 'ಬರಬೇಡ' ಎಂದು ಕೂಗುತ್ತದೆ, ಆದರೆ 'ಬಾ' ಎಂಬ ದನಿಯಲ್ಲಿ. ಬುರುಡೆ ತೂಗದ, ದೀಪವಿಲ್ಲದ ಬಾಗಿಲನ್ನು ಮಕ್ಕಳು ತಟ್ಟುವುದಿಲ್ಲ. ಹೆದರಿಸಿದಷ್ಟೂ ಜನ ಬರುತ್ತಾರೆ. ತುತ್ತು ತಿನ್ನಿಸಲು ಗುಮ್ಮನನ್ನು ಕರೆದ ತಾಯಂದಿರ ನಾಡಿನವರಾದ ನಮಗೆ ಇದು ಅರ್ಥವಾಗದ್ದೇನಲ್ಲ. ಪುರಂದರದಾಸರ ಕೃಷ್ಣನೂ ಗುಮ್ಮನಿಗೆ ಹೆದರಿದವನೇ. ಆದ್ದರಿಂದ 'ಬಾ', 'ಬರಬೇಡ', 'ಹೆದರಿಕೊಂಡು ಬಾ' ಎಂದು ಹಾರಗಳು ಮೂರು ವಿಧ, ಅವು ಎಂದಿಗೂ ಒಂದರಲ್ಲೊಂದು ಬೆರೆಯಲಾರವು ಎಂದು ಸಿದ್ಧಾಂತಿಸಿ ಲೇಖನಿ ಕೆಳಗಿಟ್ಟೆ.

ಉಪಸಂಹಾರ

ಕೆಳಗಿಟ್ಟದ್ದು ಆತುರವಾಯಿತು. ಆ ವರ್ಷ ನರಕ ಚತುರ್ದಶಿಯೂ ಅಕ್ಟೋಬರ್ 31ಕ್ಕೇ ಬಿತ್ತು. ಬೆಳಿಗ್ಗೆ ಎಣ್ಣೆನೀರು, ಸಂಜೆ ದೆವ್ವಗಳು. ಸತ್ತ ನರಕಾಸುರನನ್ನೂ ಬದುಕಿರುವ ನೆರೆಯವರನ್ನೂ ಒಂದೇ ಬಾಗಿಲಲ್ಲಿ ಸುಧಾರಿಸಬೇಕು. ನಾನು ಬಾವಲಿ ಕಟ್ಟಿದ್ದ ಮೊಳೆಗೇ ನನ್ನಾಕೆ ಪ್ಲಾಸ್ಟಿಕ್ ಮಾವಿನೆಲೆಯ ತೋರಣ ಕಟ್ಟಿದಳು. ಅದರ ಪಕ್ಕ ಏಳು ಹಸಿಮೆಣಸಿನಕಾಯಿ, ಒಂದು ನಿಂಬೆಹಣ್ಣು. ಬಟ್ಟೆಗೂ ಹಣತೆಗೂ ಸ್ನೇಹ ಒಳ್ಳೆಯದಲ್ಲವೆಂದು ಸೊಸೆ ಹಣತೆಗಳನ್ನು ಮೆಟ್ಟಿಲ ಕೆಳಗೆ ಸರಿಸಿದಳು. ನನ್ನ ಮೂರು ವಿಧಗಳೂ ಒಂದೇ ಮೊಳೆಗೆ ಜೋತು ನಗುತ್ತಿದ್ದವು.

ಏಳು ಗಂಟೆಗೆ ಬಿಳಿ ಹೊದಿಕೆ ಹೊದ್ದ ಪುಟ್ಟ ದೆವ್ವವೊಂದು ಬಂತು. ಬುರುಡೆಗೆ ಹೆದರಲಿಲ್ಲ, ಬಾವಲಿಯತ್ತ ನೋಡಲೂ ಇಲ್ಲ. ಮೆಣಸಿನಕಾಯಿ ಸರದ ಮುಂದೆ ನಿಂತು ಇದೇನೆಂದು ಕೇಳಿತು. ನನ್ನ ಪ್ರಬಂಧವನ್ನು ಕದ್ದು ಕೇಳಿದ್ದ ಮೊಮ್ಮಗಳು, ದೆವ್ವಗಳನ್ನು ಓಡಿಸುವುದಕ್ಕೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ದೆವ್ವ ಎರಡು ಹೆಜ್ಜೆ ಹಿಂದೆ ಸರಿಯಿತು. ಹೊದಿಕೆಯ ತೂತುಗಳೊಳಗೆ ಕಣ್ಣು ತುಂಬಿ ಬರುವುದಷ್ಟೇ ಬಾಕಿ.

"ಯಾರು ಹೇಳಿದ್ದು ಓಡಿಸೋಕೆ ಅಂತ?" ನನ್ನಾಕೆ ಮೊಮ್ಮಗಳನ್ನು ಗದರಿದಳು. "ಅಲಕ್ಷ್ಮಿಗೆ ಹುಳಿ-ಖಾರ ಅಂದ್ರೆ ಪ್ರಾಣ. ಒಳಗೆ ಬಂದು ಕಾಟ ಕೊಡೋ ಮೊದಲು ಅವಳ ಪಾಲು ಬಾಗಿಲಲ್ಲೇ ಇಟ್ಟಿರೋದು. ತಿಂದು, ಸುಮ್ನೆ ಹೋಗ್ತಾಳೆ. ಇವಕ್ಕೆ ಚಾಕಲೇಟು, ಅವಳಿಗೆ ಮೆಣಸಿನಕಾಯಿ. ಹೇಳು ಆ ಮಗೂಗೆ!"

ಮೊಮ್ಮಗಳು ಹೇಳಿದಳು. ದೆವ್ವ ಸ್ವಲ್ಪ ಯೋಚಿಸಿ, ಚಾಕಲೇಟೇ ಸಾಕೆಂದು ಎರಡು ತೆಗೆದುಕೊಂಡು ಹೋಯಿತು. ನಾನು ಒಳಗೆ ಬಂದು ನಾಲ್ಕನೆಯ ಸೂತ್ರದ ವ್ಯಾಖ್ಯಾನವನ್ನು ಪೂರ್ತಿ ಹೊಡೆದುಹಾಕಿದೆ. ಮೂವತ್ತೆಂಟು ವರ್ಷಗಳಲ್ಲಿ ಪೂರ್ವಪಕ್ಷವೇ ಸಿದ್ಧಾಂತವಾದದ್ದು ಇದು ಮೊದಲ ಸಲವೇನಲ್ಲ.

ಮರುದಿನ ನವೆಂಬರ್ 1, ರಾಜ್ಯೋತ್ಸವ. ಹಳದಿ-ಕೆಂಪು ಪತಾಕೆಯ ಸರ ಕಟ್ಟಲು ಜಾಗ ಹುಡುಕುತ್ತ ಬಾಗಿಲು ತೆರೆದೆ. ಮೆಣಸಿನಕಾಯಿ ಆರೇ ಇದ್ದವು. "ಅಳಿಲು ತಿಂದಿರುತ್ತೆ ಬಿಡಿ ಮಾವ" ಎಂದಳು ಸೊಸೆ. ಅಳಿಲು ಖಾರ ತಿನ್ನುವುದಿಲ್ಲ, ಇಲ್ಲಿನವರು ಹಕ್ಕಿಗಳ ಕಾಳಿಗೆ ಮೆಣಸಿನಪುಡಿ ಬೆರೆಸುವುದೇ ಅದನ್ನು ಅಳಿಲಿನಿಂದ ಉಳಿಸಲು. ಈ ಬಗ್ಗೆ ಹೆಚ್ಚಿನ ಸಂಶೋಧನೆ ಅಗತ್ಯ. ವೀಸಾ ಮಾತ್ರ ಸಾಲದು.