ಇಳಿಜಾರಪ್ಪ

ಅವರ ನಿಜವಾದ ಹೆಸರು ಬೇರೆ ಇದೆ. ಪಹಣಿಯಲ್ಲಿ, ರೇಷನ್ ಕಾರ್ಡಿನಲ್ಲಿ, ಗಾಡಿಯ ಆರ್‌ಸಿಯಲ್ಲಿ ಇರುವುದು ಆ ಹೆಸರೇ. ಆದರೆ ಹಳೇ ಡೀಸೆಲ್ ಪಿಕಪ್ ಇಟ್ಟುಕೊಂಡ ಜಾತಿಯವರಿಗೆಲ್ಲ ನಾನು ಇಟ್ಟಿರುವ ಹೆಸರು ಇಳಿಜಾರಪ್ಪ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಯಾವ ಸಂತೆಗೆ ಹೋದರೂ ಒಬ್ಬರಾದರೂ ಸಿಗುತ್ತಾರೆ. ಗುರುತು ಹಿಡಿಯುವುದು ಸುಲಭ. ಸಂತೆಗೆ ಬಂದವರೆಲ್ಲ ನೆರಳು ನೋಡಿ ಗಾಡಿ ನಿಲ್ಲಿಸಿದರೆ ಇವರು ನೆಲ ನೋಡಿ ನಿಲ್ಲಿಸುತ್ತಾರೆ. ಗಾಡಿಯ ಮೂತಿ ತಗ್ಗಿಗೆ, ಬೆನ್ನು ಎತ್ತರಕ್ಕೆ, ಮುಂದಿನ ಗಾಲಿಗೆ ಒಂದು ಅಡ್ಡಗಲ್ಲು. ಆ ಕಲ್ಲಿಗೆ ಹಗ್ಗ ಕಟ್ಟಿರುತ್ತದೆ. ಗಾಡಿ ಉರುಳಲು ಶುರುವಾದ ಮೇಲೆ ಕಲ್ಲನ್ನು ಎಳೆದುಕೊಂಡು ಓಡಿಬಂದು ಹತ್ತುವುದಕ್ಕೆ ಹಿಂದೊಬ್ಬ ಹುಡುಗ ಇರುತ್ತಾನೆ. ಆ ಹುಡುಗ ಸಾಮಾನ್ಯವಾಗಿ ಅವರ ಮಗ. ಶಾಲೆಯ ಓಟದ ಸ್ಪರ್ಧೆಯಲ್ಲಿ ಅವನು ಯಾವಾಗಲೂ ಮೊದಲು ಬರುತ್ತಿದ್ದುದಕ್ಕೆ ಕಾರಣ ನನಗೆ ತಡವಾಗಿ ತಿಳಿಯಿತು.

1997ರ ಆಗಸ್ಟ್ 15ರಂದು ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳನ್ನು, ಚಿತ್ರದುರ್ಗದಿಂದ ಜಗಳೂರನ್ನು ತಂದು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದರು. ಆಮೇಲೆ ಹೊನ್ನಾಳಿಯನ್ನು ಒಡೆದು ನ್ಯಾಮತಿಯನ್ನೂ ತಾಲ್ಲೂಕು ಮಾಡಿದರು. ಇದೆಲ್ಲ ಕಂದಾಯ ಇಲಾಖೆಯ ಲೆಕ್ಕ. ಇಳಿಜಾರಪ್ಪನವರ ನಕ್ಷೆಯಲ್ಲಿ ತಾಲ್ಲೂಕಿನ ಗಡಿಗಳೇ ಇಲ್ಲ, ಇಳಿಜಾರುಗಳು ಮಾತ್ರ ಇವೆ. ಹೊನ್ನಾಳಿ ಒಳ್ಳೆಯ ಊರು, ಯಾಕೆಂದರೆ ತುಂಗಭದ್ರೆಯ ದಂಡೆಗೆ ನೆಲ ತಾನಾಗಿ ಇಳಿಯುತ್ತದೆ. ನ್ಯಾಮತಿ ಇನ್ನೂ ಒಳ್ಳೆಯದು, ಮಲೆನಾಡಿನ ಸೆರಗು, ಎಲ್ಲಿ ನಿಲ್ಲಿಸಿದರೂ ಒಂದು ಗಾಲಿ ಮೇಲೆ ಒಂದು ಕೆಳಗೆ. ಚನ್ನಗಿರಿಯಲ್ಲಿ ಕೋಟೆ ಗುಡ್ಡ ಇದೆ, ಅದೂ ಸಾಲದಿದ್ದರೆ ಸೂಳೆಕೆರೆಯ ಏರಿ ಇದೆ. "ಏರ್ ತಗಂಡ್ರೆ ಏರಿ ಹತ್ಬೇಕು ಮೇಷ್ಟ್ರೇ" ಎನ್ನುವುದು ಅವರ ಸಿದ್ಧಾಂತ. ಇನ್ನು ಜಗಳೂರು? ಆ ಹೆಸರೆತ್ತಿದರೆ ಅವರ ಮುಖ ಸಪ್ಪಗಾಗುತ್ತದೆ. "ಅಲ್ಲಿ ದೇವ್ರು ಕೊರಡು ಹೊಡ್ದು ನೆಲ ಸಮ ಮಾಡ್ಯಾನೆ."

ಗಾಡಿಗೆ ಏನಾಗಿದೆ ಎಂದು ಕೇಳಿದರೆ ಅವರ ಉತ್ತರ ವರ್ಷಗಟ್ಟಲೆ ಬದಲಾಗಿಲ್ಲ. "ಏನೂ ಆಗಿಲ್ಲ, ಸ್ವಲ್ಪ ಏರ್ ತಗಂಡೈತೆ ಅಷ್ಟೆ." ಒಂದು ಸಲ ಚಾಲೂ ಆಯಿತೋ ಸಂಜೆಯವರೆಗೆ ಕುದುರೆಯಂತೆ ಓಡುತ್ತದೆ. ರಾತ್ರಿ ಮಲಗಿ ಬೆಳಿಗ್ಗೆ ಏಳುವುದೇ ಅದಕ್ಕೆ ಕಷ್ಟ. ಈ ವಿಷಯದಲ್ಲಿ ಮನುಷ್ಯರಿಗಿಂತ ಅದೇನೂ ಬೇರೆಯಲ್ಲ ಎಂದು ಅವರು ಅದರ ಪರ ವಕಾಲತ್ತು ವಹಿಸುತ್ತಾರೆ. ಹಾಗಾಗಿ ಇಳಿಜಾರಿಲ್ಲದ ಕಡೆ ಹಗಲು ಎಂಜಿನ್ ಆಫ್ ಮಾಡುವ ಮಾತೇ ಇಲ್ಲ. ಅಡಿಕೆ ಸುಗ್ಗಿಯಲ್ಲಿ ಖೇಣಿದಾರರ ಮನೆ ಮುಂದೆ ಚೀಲ ಇಳಿಸುವಾಗಲೂ ಗಾಡಿ ಗುಡುಗುಡು ಎನ್ನುತ್ತಲೇ ಇರುತ್ತದೆ. ಮದುವೆಗೆ ಹೋದರೆ ಅಕ್ಕಿಕಾಳು ಹಾಕಿ ಮೊದಲ ಪಂಕ್ತಿಯಲ್ಲೇ ಉಂಡು ಓಡುತ್ತಾರೆ. ಬೀಗರು ಇದನ್ನು ಹಸಿವು ಎಂದುಕೊಂಡಿದ್ದಾರೆ. ಡೀಸೆಲ್ ಬಂಕಿನಲ್ಲಿ 'ಎಂಜಿನ್ ನಿಲ್ಲಿಸಿ' ಎಂಬ ಬೋರ್ಡು ಇರುತ್ತದಲ್ಲ, ಅವರಿಗೆ ಅದು ಗಂಡಾಂತರದ ಬೋರ್ಡು. ಆಚೆಗೆ ಇಳಿಜಾರಿರುವ ಬಂಕು ನಾಲ್ಕು ತಾಲ್ಲೂಕಿನಲ್ಲಿ ಎಲ್ಲೆಲ್ಲಿದೆ ಎಂಬುದು ಅವರಿಗೆ ಬಾಯಿಪಾಠ. ಡೀಸೆಲ್ ತೋರಿಸುವ ಮುಳ್ಳು ಅರ್ಧ ಟ್ಯಾಂಕಿನಲ್ಲಿ ನಿಂತು ಎಷ್ಟೋ ಕಾಲವಾಯಿತು. ಅಳೆಯುವುದಕ್ಕೆ ಅಡಿಕೆ ದಬ್ಬೆಯ ತೆಳು ಸೀಳು ಇದೆ. ನಾಲ್ಕು ಬೆರಳು ಒದ್ದೆಯಾದರೆ ಹೊನ್ನಾಳಿಗೆ ಹೋಗಿಬರಬಹುದು, ಗೇಣು ಒದ್ದೆಯಾದರೆ ದಾವಣಗೆರೆ.

ನನಗೆ ನ್ಯಾಮತಿಯಿಂದ ಜಗಳೂರಿಗೆ ವರ್ಗವಾದಾಗ ಮನೆ ಸಾಮಾನು ಸಾಗಿಸಲು ನಾನು ಕೇಳಿದ್ದು ಇವರಲ್ಲೊಬ್ಬರಾದ ಗೌಡರನ್ನೇ. ಬಾಡಿಗೆ ಕಡಿಮೆ ಎಂಬುದು ಒಂದು ಕಾರಣ. ಅವರ ಗಾಡಿಯನ್ನು ನಾಲ್ಕು ವರ್ಷ ನೂಕಿದ ಸಲಿಗೆ ಇನ್ನೊಂದು. ಜಗಳೂರು ಎಂದ ಕೂಡಲೇ ತಲೆ ಕೆರೆದುಕೊಂಡರು. ಮೇಷ್ಟ್ರ ಮಾತು ತೆಗೆದುಹಾಕಲಾಗದೆ ಒಪ್ಪಿದರು. ಹೊನ್ನಾಳಿ ದಾಟಿದ ಮೇಲೆ ಗಾಡಿ ಚನ್ನಗಿರಿ ಕಡೆ ತಿರುಗಿತು.

"ಗೌಡ್ರೇ, ಇದು ಸುತ್ತು ದಾರಿ ಅಲ್ವಾ?"

"ಸುತ್ತಾದ್ರೂ ಇಳಿಜಾರು ಜಾಸ್ತಿ. ಸುಮ್ಕೆ ಕೂತ್ಕಳ್ರಿ."

ಸಂತೇಬೆನ್ನೂರಿನಲ್ಲಿ ನನ್ನ ಹೆಂಡತಿ ಪುಷ್ಕರಣಿ ನೋಡಬೇಕೆಂದಳು. ಎಂಜಿನ್ ಚಾಲೂ ಇಟ್ಟು ಮಗನನ್ನು ಕಾವಲಿಗೆ ಕೂರಿಸಿ ಗೌಡರೂ ಇಳಿದು ಬಂದರು. ಕೊಳದ ನಡುವಿನ ವಸಂತ ಮಂಟಪವನ್ನೂ ನಾಲ್ಕು ಕಡೆಯಿಂದ ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳನ್ನೂ ನಾವು ಬಾಯಿಬಿಟ್ಟು ನೋಡುತ್ತಿದ್ದೆವು. ಅವರು ಮಾತ್ರ ಮೆಟ್ಟಿಲುಗಳನ್ನೇ ದಿಟ್ಟಿಸಿ ನಿಟ್ಟುಸಿರು ಬಿಟ್ಟರು. "ಎಂಥಾ ಇಳಿಜಾರು! ಮೆಟ್ಲು ಮಾಡಿ ಹಾಳು ಮಾಡ್ಯಾರೆ."

ಜಗಳೂರು ತಲುಪುವಾಗ ಕತ್ತಲಾಗಿತ್ತು. ಸಾಮಾನು ಇಳಿಸುವಷ್ಟರಲ್ಲಿ ರಾತ್ರಿ ಹತ್ತು. ಉಳಿಯದೆ ಗತಿಯಿರಲಿಲ್ಲ. ನಮ್ಮ ಬಾಡಿಗೆ ಮನೆಯ ಮುಂದಿನ ರಸ್ತೆ ಗೋಲಿ ಇಟ್ಟರೂ ಉರುಳದಷ್ಟು ಸಮ. ಗೌಡರು ಟಾರ್ಚು ಹಿಡಿದು ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು, ಕೊನೆಗೆ ಚರಂಡಿ ಹತ್ತಿರ ಎರಡು ಇಂಚು ತಗ್ಗು ಕಂಡುಹಿಡಿದು, ಅಲ್ಲಿ ಗಾಡಿ ನಿಲ್ಲಿಸಿ, ಅಭ್ಯಾಸಕ್ಕೆ ಕಲ್ಲನ್ನೂ ಕೊಟ್ಟು ಮಲಗಿದರು.

ಬೆಳಿಗ್ಗೆ ಸೆಲ್ಫ್ ಹೊಡೆದರು. ಎಂಜಿನ್ ಗರಗರ ತಿರುಗಿತು, ಹತ್ತಲಿಲ್ಲ. ಎರಡನೇ ಸಲ, ಮೂರನೇ ಸಲ. ಐದನೇ ಸಲಕ್ಕೆ ಗರಗರ ಹೋಗಿ ಗುರ್ ಎಂದಿತು. ಏಳನೇ ಸಲ ಬರೀ ಟಕ್. ಬ್ಯಾಟರಿ ಮಲಗಿತು. ನಿಂತ ಗಾಡಿ ಸಕ್ಕರೆಯಿದ್ದಂತೆ. ಇರುವೆಗಳಿಗೆ ಯಾರೂ ಹೇಳಿಕಳಿಸುವುದು ಬೇಡ. ಮೊದಲು ಬಂದವನು ಬೈಕಿನವನು. "ಪ್ಲಗ್ ಬಿಚ್ಚಿ ಮರಳು ಕಾಗದದಾಗೆ ಉಜ್ರಿ" ಎಂದ. ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ಗೇ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದರೆ ಡೀಸೆಲ್ ಹತ್ತಿಕೊಳ್ಳುವಷ್ಟು ಕಾಯುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲೇ ಇದನ್ನು ಓಡಿಸಿ ತೋರಿಸಿದ್ದ. ಸುದ್ದಿ ಆ ಬೈಕಿನವನಿಗೆ ಇನ್ನೂ ಮುಟ್ಟಿರಲಿಲ್ಲ. ಎರಡನೆಯವರು "ಹೀಟರ್ ಹೋಗಿರ್ಬೇಕು" ಎಂದರು. ಜಗಳೂರಿನ ಏಪ್ರಿಲ್ ಬಿಸಿಲಿನಲ್ಲಿ ನಿಂತು ಹೀಟರ್ ಬೇಕೆನ್ನುವವರ ಧೈರ್ಯಕ್ಕೆ ಮೆಚ್ಚಬೇಕು. ಟ್ರ್ಯಾಕ್ಟರ್ ಡ್ರೈವರೊಬ್ಬ "ಪಂಪ್ ಹೋಗೇತಿ, ದಾವಣಗೆರಿಗೆ ಒಯ್ರಿ" ಎಂದ. ಎದುರು ಮನೆ ಅಜ್ಜಿ ನಿಂಬೆಹಣ್ಣು ತಂದು ಗಾಲಿ ಕೆಳಗಿಟ್ಟರು. ಅಲ್ಲಿದ್ದವರಲ್ಲಿ ಬಾಯಲ್ಲಿ ಹೇಳದೆ ಕೈಯಲ್ಲಿ ಮಾಡಿದವರು ಅವರೊಬ್ಬರೇ.

ಪಂಪ್ ಎಂದ ಕೂಡಲೇ ಗೌಡರು ರೇಗಿದರು. ಆ ಪಂಪನ್ನು ಅವರು ಈಗಾಗಲೇ ಬಿಚ್ಚಿಸಿ, ಕ್ಯಾಲಿಬ್ರೇಷನ್ ಮಾಡಿಸಿ, ಸಾವಿರಗಟ್ಟಲೆ ಕೊಟ್ಟು ಬಂದಿದ್ದರು. ನಮ್ಮ ಕಡೆ ಡೀಸೆಲ್ ಪಂಪಿಗೆ ಇವತ್ತಿಗೂ ಮೈಕೋ ಪಂಪ್ ಎಂದೇ ಹೆಸರು. ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜುಗಳು ಬದಲಿಸಿಕೊಳ್ಳಲಿಲ್ಲ. "ಮೈಕೋ ಪಂಪು ಬಂಗಾರದಂಗೈತೆ. ನೂಕ್ರಪ್ಪ" ಎಂದರು ಗೌಡರು. ಸಲಹೆ ಕೊಟ್ಟವರೆಲ್ಲ ಒಬ್ಬೊಬ್ಬರಾಗಿ ಕರಗಿದರು. ಉಳಿದದ್ದು ನಾನು, ಮಗ, ಅಜ್ಜಿ. ಸಮತಟ್ಟು ರಸ್ತೆಯಲ್ಲಿ ನೂರು ಮಾರು ನೂಕಿ ನಾಲಿಗೆ ಹೊರಗೆ ಬಂತು. ಗಾಡಿ ಕೆಮ್ಮಲೂ ಇಲ್ಲ.

ಆಗ ಮೂಲೆಯ ಷೆಡ್ಡಿನಿಂದ ಮೇಸ್ತ್ರಿ ಬಂದರು. ಟ್ರ್ಯಾಕ್ಟರು, ಪಂಪ್‌ಸೆಟ್ಟು ರಿಪೇರಿ ಮಾಡುವ ಮುದುಕರು. ಬಾನೆಟ್ ಎತ್ತಲಿಲ್ಲ, ಮೊದಲು ಪ್ರಶ್ನೆ ಕೇಳಿದರು.

"ಸೆಲ್ಫ್ ಹೊಡೆದಾಗ ಸೈಲೆನ್ಸರ್‌ನಾಗೆ ಹೊಗೆ ಬಂತಾ?"

"ಇಲ್ಲ."

"ಬಿಳಿ ಹೊಗೆ ಬಂದಿದ್ರೆ ಡೀಸೆಲ್ ಹೋಗ್ತೈತೆ, ಹತ್ತವಲ್ದು ಅಂತ. ಹೊಗೇನೇ ಇಲ್ಲ ಅಂದ್ರೆ ಡೀಸೆಲ್ಲೇ ಹೋಗ್ತಿಲ್ಲ. ದಿನಾ ಹಿಂಗೇನಾ, ರಾತ್ರಿ ನಿಂತ ಮ್ಯಾಲೆ ಮಾತ್ರನಾ?"

"ರಾತ್ರಿ ನಿಂತ ಮ್ಯಾಲೆ. ಇಳಿಜಾರಾದ್ರೆ ಏನೂ ಇಲ್ಲ."

"ಇಳಿಜಾರಲ್ಲಿ ನಿಂತಾಗ ಗಾಡಿ ಕೆಳಗೆ ಹನಿ ಬೀಳ್ತಾವಾ?"

"ನಾಲ್ಕು ಹನಿ ಬೀಳ್ತಾವಪ್ಪ. ಹಳೇ ಗಾಡಿ."

ಮೇಸ್ತ್ರಿ ಷೆಡ್ಡಿಗೆ ಹೋಗಿ ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಟ್ಯೂಬಿನ ಒಂದು ತುಂಡು ತಂದರು. ಟ್ಯಾಂಕಿನಿಂದ ಬರುವ ಪೈಪನ್ನು ಫಿಲ್ಟರಿನ ಹತ್ತಿರ ಬಿಚ್ಚಿ ನಡುವೆ ಅದನ್ನು ಸಿಕ್ಕಿಸಿದರು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಪಕ್ಕದ ಕೈಪಂಪನ್ನು ಹೆಬ್ಬೆರಳಿನಲ್ಲಿ ಒತ್ತತೊಡಗಿದರು. ಚಸ್ ಚಸ್. ಸ್ಕ್ರೂ ಬಾಯಲ್ಲಿ ಸೋಪಿನ ನೊರೆಯಂಥದ್ದು ಬಂತು. ಟ್ಯೂಬಿನೊಳಗೆ ಡೀಸೆಲ್ ನಡೆಯಿತು, ಅದರ ಹಿಂದೆ ಸಣ್ಣ ಸಣ್ಣ ಗುಳ್ಳೆಗಳು, ಜಾತ್ರೆಗೆ ಹೊರಟ ಮಕ್ಕಳಂತೆ ಒಂದರ ಹಿಂದೊಂದು. ಒತ್ತಿದಷ್ಟೂ ಬಂದವು, ಮುಗಿಯಲಿಲ್ಲ.

"ಗೌಡ್ರೇ, ತೋಟದಾಗೆ ಪಂಪ್‌ಸೆಟ್ ಐತಾ?"

"ಐತೆ."

"ಅದು ಏರ್ ತಗಂಡ್ರೆ?"

"ಕೊಡಪಾನದಾಗೆ ನೀರು ಹುಯ್ದು ಪ್ರೈಮ್ ಮಾಡ್ತೀನಿ."

"ದಿನಾ ಬೆಳಗ್ಗೆ ಹಂಗೇ ಆದ್ರೆ? ದಿನಾ ಹುಯ್ತೀರೋ?"

"ಹುಚ್ಚಾ ನಂಗೆ? ಸಕ್ಷನ್ ಪೈಪ್ ಎಲ್ಲೋ ಸೀಳೈತೆ ಅಂತ ಪೈಪ್..."

ಗೌಡರು ಅಲ್ಲಿಗೇ ನಿಲ್ಲಿಸಿದರು. ಬೀದಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಜ್ಜಿ ಮಾತ್ರ ನಿಂಬೆಹಣ್ಣು ವಾಪಸ್ ತೆಗೆದುಕೊಂಡರು.

ಮೇಸ್ತ್ರಿ ಗಾಡಿ ಕೆಳಗೆ ನುಗ್ಗಿ ಟ್ಯಾಂಕಿನ ಹತ್ತಿರದ ರಬ್ಬರ್ ಪೈಪು ಬಿಚ್ಚಿ ತಂದರು. ನೋಡಲು ಚೆನ್ನಾಗಿಯೇ ಇತ್ತು. ಬಗ್ಗಿಸಿದಾಗ ಕ್ಲಿಪ್ಪಿನ ಕೆಳಗೆ ಉಗುರು ಗೀರಿದಷ್ಟು ಉದ್ದದ ಸೀಳು ಬಾಯಿಬಿಟ್ಟಿತು. ಟ್ಯಾಂಕಿನಿಂದ ಡೀಸೆಲ್ಲನ್ನು ಪಂಪು ಎಳೆದುಕೊಳ್ಳುತ್ತದೆಯೇ ಹೊರತು ಟ್ಯಾಂಕು ತಳ್ಳುವುದಿಲ್ಲ. ಎಳೆಯುವ ಪೈಪಿನ ಸೀಳಿನಲ್ಲಿ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಸೋರುತ್ತದೆ. ಹಾಗಾಗಿ ಕಣ್ಣಿಗೆ ಕಾಣದು. ರಾತ್ರಿಯೆಲ್ಲ ಆ ಗಾಳಿ ಸೇರಿ ಪೈಪಿನ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿರುತ್ತದೆ. ಬೆಳಿಗ್ಗೆ ಪಂಪಿಗೆ ಸಿಗುವುದು ಬರೀ ಗಾಳಿ. ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಹಿಂದಿನ ಟ್ಯಾಂಕು ಎಂಜಿನ್ನಿಗಿಂತ ಮೇಲಾಗುತ್ತದೆ, ಡೀಸೆಲ್ ವಾಪಸ್ ಹೋಗುವುದಿಲ್ಲ. ಅದೇ ಸೀಳಿನಲ್ಲಿ ನಾಲ್ಕು ಹನಿ ಕೆಳಗೆ ಬೀಳುತ್ತದೆ. ಅಂದರೆ ಇಳಿಜಾರಪ್ಪನವರ ಸಿದ್ಧಾಂತ ವಿಜ್ಞಾನದ ಪ್ರಕಾರ ಸರಿಯಾಗಿಯೇ ಇತ್ತು. ಮೇಸ್ತ್ರಿ ಇದನ್ನು ಹೇಳಿದಾಗ ಗೌಡರು ಅರ್ಧ ನಿಮಿಷ ಎದೆ ಉಬ್ಬಿಸಿ ನಿಂತರು. ಬಿಲ್ಲು ಕೇಳಿದ ಮೇಲೆ ಎದೆ ಇಳಿಯಿತು. ಒಂದು ಮೊಳ ಪೈಪು, ಎರಡು ಕ್ಲಿಪ್ಪು, ಕೂಲಿ ಸೇರಿ 180 ರೂಪಾಯಿ.

ಪಕ್ಕದ ಟ್ರ್ಯಾಕ್ಟರಿನ ಬ್ಯಾಟರಿಯಿಂದ ವೈರು ಕೊಟ್ಟು, ಮತ್ತೆ ಕೈಪಂಪು ಒತ್ತಿ, ನೊರೆ ಹೋಗಿ ಸ್ವಚ್ಛ ಡೀಸೆಲ್ ಬರುವವರೆಗೆ ಕಾದು ಸ್ಕ್ರೂ ಬಿಗಿ ಮಾಡಿದರು. ಮೊದಲ ಸೆಲ್ಫಿಗೇ ಎಂಜಿನ್ ಹಿಡಿಯಿತು. ಟ್ಯೂಬಿನಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಗೌಡರಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಅವರು ಜೇಬು ಕತ್ತರಿಸಿಕೊಂಡವರ ಹಾಗೆ ಕೂತಿದ್ದರು. ಎರಡು ಬ್ಯಾಟರಿ, ಒಂದು ಸೆಲ್ಫ್ ಮೋಟಾರಿನ ವೈಂಡಿಂಗ್, ಪಂಪಿನ ಖರ್ಚು, ಸವೆದ ಕ್ಲಚ್ ಪ್ಲೇಟು, ಅರ್ಧ ಬಿಟ್ಟ ಎಷ್ಟೋ ಮದುವೆ ಊಟ. ಎಲ್ಲವನ್ನೂ ಬೆರಳಿನಲ್ಲಿ ಎಣಿಸಿ, ಬೆರಳು ಸಾಲದೆ ಬಿಟ್ಟರು. ಕೊನೆಗೆ ಒಂದೇ ಮಾತು ಹೇಳಿದರು: "ಮನ್ಯಾಗೆ ಹೇಳ್ಬೇಡ್ರಿ ಮೇಷ್ಟ್ರೇ." ಹಾಗೆ ಅಂದವರ ಮಗ ಆಗಲೇ ಅವ್ವನಿಗೆ ಫೋನು ಹಚ್ಚಿದ್ದ.

ನಮ್ಮಲ್ಲಿ ಇಂಥ ಜಾಣತನ ಗಾಡಿ ಇದ್ದವರ ಸೊತ್ತೇನಲ್ಲ. ಸೋರುವ ಸೂರಿನ ಕೆಳಗೆ ಬಕೆಟ್ ಇಡುವ ಜಾಗವನ್ನು ನಾನೂ ಕತ್ತಲಲ್ಲೇ ಹೇಳಬಲ್ಲೆ. ಹೆಂಚು ಬದಲಿಸುವುದು ಮಾತ್ರ ಮುಂದಿನ ಮಳೆಗಾಲಕ್ಕೆ.

ಆದರೂ ಹಳೇ ಡೀಸೆಲ್ ಪಿಕಪ್ ಇರುವವರಿಗೆ ನನ್ನದೊಂದು ವಿನಂತಿ. ಹಗಲೆಲ್ಲ ಚೆನ್ನಾಗಿ ಓಡಿ ಬೆಳಿಗ್ಗೆ ಮಾತ್ರ ಸತಾಯಿಸಿದರೆ ಪಂಪ್ ಬಿಚ್ಚಿಸುವ ಮುಂಚೆ ಟ್ಯಾಂಕಿನಿಂದ ಪಂಪಿನವರೆಗಿನ ರಬ್ಬರ್ ಪೈಪು, ಕ್ಲಿಪ್ಪು, ವಾಷರು ಇಷ್ಟನ್ನು ಬಗ್ಗಿಸಿ, ಮುಟ್ಟಿ ನೋಡಿ. ಅಷ್ಟು ಮಾಡಲು ಪುರುಸೊತ್ತಿಲ್ಲದವರು ಜಗಳೂರಿಗೆ ಬನ್ನಿ. ಗೌಡರು ಬಿಟ್ಟುಹೋದ ಅಡ್ಡಗಲ್ಲು ನಮ್ಮ ಗೇಟಿನ ಹತ್ತಿರವೇ ಇದೆ, ಹಗ್ಗದ ಸಮೇತ.