ಬಣ್ಣ ಬಯಲು

ಸರ್ಕಾರಿ ಸೈಕಲ್ಲಿನ ದೊಡ್ಡ ಗುಣವೆಂದರೆ ಅದು ಯಾರದ್ದು ಅಂತ ಹೇಳಲಿಕ್ಕೆ ಬರುವುದಿಲ್ಲ. ಎಂಟನೇ ತರಗತಿಯ ಮಕ್ಕಳಿಗೆ ಪುಕ್ಕಟೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾದ ಮೇಲೆ ನಮ್ಮ ಇರಕಲ್ಲಗಡದಲ್ಲೂ ಓಣಿ ಓಣಿಗೆ ಸೈಕಲ್ಲುಗಳು ಬಂದು ಸೇರಿದವು. ಒಂದು ವರ್ಷ ಬಂದದ್ದಕ್ಕೆಲ್ಲ ಒಂದೇ ಬಣ್ಣ, ಒಂದೇ ಬುಟ್ಟಿ, ಒಂದೇ ಬೆಲ್ಲು, ಒಂದೇ ಕಿರಿಕಿರಿ ಸದ್ದು. ಮಕ್ಕಳು ಹತ್ತನೇ ತರಗತಿಯವರೆಗೆ ತುಳಿದು, ಆಮೇಲೆ ಬಸ್ ಪಾಸ್ ಮಾಡಿಸಿಕೊಂಡು ಕೊಪ್ಪಳದ ಕಾಲೇಜಿಗೆ ಹೊರಟ ದಿನ ಸೈಕಲ್ಲು ಅಪ್ಪಂದಿರ ಪಾಲಿಗೆ ಬರುತ್ತಿತ್ತು. ಹಾಗಾಗಿ ಊರಿನ ಹಿರಿಯರಲ್ಲಿ ಬಹಳ ಮಂದಿ ಈಗ ಓಡಾಡುವುದು ಹೆಣ್ಣುಮಕ್ಕಳ ಸೈಕಲ್ಲಿನ ಮೇಲೆ. ನಾನೂ ಅವರಲ್ಲೊಬ್ಬ. ನಡುವೆ ಅಡ್ಡ ಪೈಪಿಲ್ಲದ್ದರಿಂದ ಧೋತರದವರಿಗೂ ಮಂಡಿನೋವಿನವರಿಗೂ ಅದರಷ್ಟು ಅನುಕೂಲದ ವಾಹನ ಇನ್ನೊಂದಿಲ್ಲ. ಸರ್ಕಾರ ಇದನ್ನು ವೃದ್ಧಾಪ್ಯ ವೇತನದ ಜೊತೆಗೇ ಸೇರಿಸಬಹುದಿತ್ತು.

ತೊಡಕು ಶುರುವಾಗುವುದು ಸೈಕಲ್ ನಿಲ್ಲಿಸಿದ ಮೇಲೆ. ಮದುವೆ ಮನೆಯ ಮುಂದೆ, ಸೊಸೈಟಿ ಮುಂದೆ, ಬಸ್ ಸ್ಟ್ಯಾಂಡಿನಲ್ಲಿ ಒಂದೇ ಮುಖದವು ಸಾಲಾಗಿ ನಿಂತಿರುತ್ತವೆ. ಕೀಲಿಕೈ ಕಳೆದು ಯಾವ ಕಾಲವಾಯಿತೋ. ಕೈಗೆ ಸಿಕ್ಕಿದ್ದನ್ನು ಹತ್ತಿ ಬರುವುದು ರೂಢಿ. ಒಂದು ಸಂಜೆ ನಾನು ಮನೆಗೆ ತಂದ ಸೈಕಲ್ಲಿನ ಬುಟ್ಟಿಯಲ್ಲಿ ಯಾರದ್ದೋ ಬದನೆಕಾಯಿ, ಹಸಿಮೆಣಸಿನಕಾಯಿ, ಕಾಗದದಲ್ಲಿ ಸುತ್ತಿದ ಹಸಿರು ಬಳೆ ಇದ್ದವು. ಬದನೆಕಾಯಿಯ ಬಗ್ಗೆ ಮನೆಯಲ್ಲಿ ಯಾರೂ ತಕರಾರು ತೆಗೆಯಲಿಲ್ಲ. ಬಳೆಯ ವಿಚಾರಣೆ ಮಾತ್ರ ರಾತ್ರಿ ಊಟ ಮುಗಿದರೂ ಮುಗಿಯಲಿಲ್ಲ. ನಮ್ಮ ಸೈಕಲ್ಲಿಗೆ ಊರಲ್ಲಿ ಯಾರ ಸೈಕಲ್ಲಿಗೂ ಇಲ್ಲದ ಬಣ್ಣ ಹೊಡೆದೇ ತೀರಬೇಕೆಂದು ನಿಶ್ಚಯಿಸಿದ್ದು ಅವತ್ತೇ.

"ಪೇಂಟರ್ ಹುಡುಗನ ಕೈಯಾಗ ಕೊಡ್ರಿ. ಒಂದ ದಿನದಾಗ ಮಾಡಿ ಕೊಡ್ತಾನ" ಎಂದಳು ಮನೆಯಾಕೆ.

ಸರ್ವಿಸಿನುದ್ದಕ್ಕೂ ಮಕ್ಕಳಿಗೆ ವಿಜ್ಞಾನ ಹೇಳಿ ನಿವೃತ್ತನಾದ ಮಾಸ್ತರನಿಗೆ ಹೇಳುವ ಮಾತೇ ಇದು? ಸ್ಪ್ರೇ ಪೇಂಟ್ ಎಂಬುದು ಎಂಥ ಸುಲಭದ ವಿದ್ಯೆ ಎಂದು ಆಕೆಗೆ ವಿವರಿಸಿದೆ. ನಾರ್ವೆಯ ಎರಿಕ್ ರೋಥೈಮ್ ಎಂಬವನು 1920ರ ದಶಕದಲ್ಲೇ ಡಬ್ಬಿಯೊಳಗೆ ಅನಿಲ ತುಂಬಿ, ಗುಂಡಿ ಒತ್ತಿದರೆ ಒಳಗಿನದು ಹೊರಗೆ ಚಿಮ್ಮುವ ಉಪಾಯ ಕಂಡುಹಿಡಿದಿದ್ದ. ಅದರೊಳಗೆ ಬಣ್ಣ ತುಂಬಿದವನು ಅಮೆರಿಕದ ಇಲಿನಾಯ್ ರಾಜ್ಯದ ಎಡ್ವರ್ಡ್ ಸೇಮೂರ್, 1949ರಲ್ಲಿ. ಅವನದು ಬಣ್ಣದ ವ್ಯಾಪಾರ. ತನ್ನ ಅಲ್ಯೂಮಿನಿಯಂ ಬಣ್ಣವನ್ನು ಜನರಿಗೆ ಹೊಡೆದು ತೋರಿಸುವುದು ಹೇಗೆಂದು ತಲೆ ಕೆಡಿಸಿಕೊಂಡಿದ್ದಾಗ, ಡಬ್ಬಿಯಲ್ಲಿ ತುಂಬಿ ಚಿಮ್ಮಿಸಿ ನೋಡು ಎಂದವಳು ಅವನ ಹೆಂಡತಿ ಬಾನಿ. ಅಲ್ಲಿಂದ ಕಂಪನಿ ಬೆಳೆದು ಹೆಮ್ಮರವಾಯಿತು.

"ಹಂಗಾರ ಆತ ಹೇಣ್ತಿ ಮಾತ ಕೇಳ್ಯಾನ" ಎಂದು ಮನೆಯಾಕೆ ಒಳಗೆ ಹೋದಳು. ಇತಿಹಾಸವನ್ನು ಜನ ತಮಗೆ ಬೇಕಾದಂತೆ ಅರ್ಥ ಮಾಡಿಕೊಳ್ಳುತ್ತಾರೆ.

ಕೊಪ್ಪಳದ ಅಂಗಡಿಯಲ್ಲಿ ಡಬ್ಬಿಗಳು ಸಾಲಾಗಿದ್ದವು: ಕೆಂಪು, ಕೇಸರಿ, ಹಸಿರು, ನೀಲಿ. ಪಟ್ಟಣದಲ್ಲಿ ಇವು ಬರೀ ಬಣ್ಣ. ಊರಲ್ಲಿ ಒಂದೊಂದಕ್ಕೂ ಒಂದೊಂದು ಪಾರ್ಟಿ, ಒಂದೊಂದು ಸಂಘ, ಒಂದೊಂದು ಓಣಿ. ಪಂಚಾಯತಿ ಎಲೆಕ್ಷನ್ನು ಬಾಗಿಲಲ್ಲಿತ್ತು. ಕರಿ ಬಣ್ಣ ಬೇಡವೆಂದು ಅವ್ವ ಮನೆ ಬಿಡುವಾಗಲೇ ತಾಕೀತು ಮಾಡಿದ್ದಳು: "ಯಪ್ಪಾ, ಶನಿವಾರ ಹುಟ್ಟೀದಿ. ಕರೇದು ತರಬ್ಯಾಡ." ಕೊನೆಗೆ ಲಿಂಬೆ ಹಳದಿ ಆರಿಸಿದೆ. ಕನ್ನಡ ಬಾವುಟದ ಮೇಲರ್ಧ ಹಳದಿ, ಮೈಲಾರಲಿಂಗನ ಭಂಡಾರ ಹಳದಿ, ಲಗ್ನದ ಅರಿಶಿಣ ಹಳದಿ. ಇಷ್ಟು ನಿಷ್ಪಕ್ಷಪಾತದ ಬಣ್ಣಕ್ಕೆ ಬೆರಳು ತೋರಿಸುವವರು ಯಾರಿದ್ದಾರೆ?

ಡಬ್ಬಿಯ ಮೈಮೇಲೆ ಬರೆದದ್ದನ್ನು ಬಸ್ಸಿನಲ್ಲಿ ಕೂತು ಓದಿದೆ. 50 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಇಡಬಾರದು. ಒಳಗೆ ತುಂಬಿದ ಅನಿಲ ಅಡುಗೆಮನೆ ಸಿಲಿಂಡರಿನ ಬಳಗದ್ದೇ, ಪ್ರೊಪೇನು, ಬ್ಯೂಟೇನು. (ಮೊದಲು ಬೇರೆ ಅನಿಲ ತುಂಬುತ್ತಿದ್ದರು, ಅದು ಆಕಾಶದ ಓಝೋನನ್ನು ತಿನ್ನುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ಮೇಲೆ ಬಿಡಿಸಿದರು.) ಮೇ ತಿಂಗಳು. ನಮ್ಮ ಮನೆಯ ತಗಡಿನ ಪಡಸಾಲೆಯಲ್ಲಿ ಮಧ್ಯಾಹ್ನ ಎಷ್ಟು ಡಿಗ್ರಿ ಇರುತ್ತದೆಂದು ಅಳೆಯುವ ಧೈರ್ಯ ಯಾರಿಗೂ ಇಲ್ಲ. ಇಡೀ ಮನೆಯಲ್ಲಿ ತಣ್ಣಗಿರುವುದು ಕಲ್ಲಿನ ಗೋಡೆಯ ದೇವರ ಕೋಣೆಯೊಂದೇ. ಡಬ್ಬಿಗಳನ್ನು ಅಲ್ಲೇ ಇಟ್ಟೆ. ಮರುದಿನ ಬೆಳಿಗ್ಗೆ ನೋಡಿದರೆ ಅವ್ವ ಅವಕ್ಕೂ ಒಂದೊಂದು ದಾಸವಾಳ ಏರಿಸಿದ್ದಳು.

ಬಣ್ಣ ಹೊಡೆಯುವ ಮೊದಲು ಬಿಚ್ಚಬೇಕು. ಗಾಲಿ, ಸೀಟು, ಮಡ್ಗಾರ್ಡು, ಚೈನು ಸುಸೂತ್ರವಾಗಿ ಬಂದವು. ಪೆಡಲಿನ ತೋಳಿಗೆ ಕಾಟರ್ ಪಿನ್ನು ಎಂಬ ಒಂದು ಸಣ್ಣ ಕಬ್ಬಿಣದ ತುಂಡಿರುತ್ತದೆ. ಅದು ತನ್ನ ಜಾಗ ಬಿಟ್ಟು ಏಳುವುದಿಲ್ಲವೆಂದು ಪಟ್ಟು ಹಿಡಿಯಿತು. ಸುತ್ತಿಗೆಯಿಂದ ತಿಳಿಹೇಳಿದೆ. ಅದು ತಲೆ ಬಗ್ಗಿಸಿತೇ ಹೊರತು ಹೊರಗೆ ಬರಲಿಲ್ಲ. ಆ ಭಾಗಕ್ಕೆ ಹಳೇ ಪೇಪರು ಸುತ್ತಿ, ಸುತಳಿ ಬಿಗಿದು ಮುಂದಿನ ಕೆಲಸಕ್ಕೆ ನಡೆದೆ.

ಅಷ್ಟರಲ್ಲಿ ಕಿನ್ನಾಳದಲ್ಲಿ ನಮ್ಮ ಬೀಗರ ಮನೆಯ ಕಾರ್ಯಕ್ರಮ ಬಂತು. ಕಿನ್ನಾಳ ಅಂದರೆ ಗೊತ್ತಲ್ಲ, ಚಿತ್ರಗಾರರ ಊರು. ಜಿಐ ಮುದ್ರೆ ಸಿಕ್ಕ ಗೊಂಬೆಗಳ ಊರು. ಅಲ್ಲಿ ಪರಿಚಯದ ಹಿರಿಯ ಚಿತ್ರಗಾರರೊಬ್ಬರು ಕಟ್ಟೆಯ ಮೇಲೆ ಕೂತಿದ್ದರು. ನಾನೂ ಈಗ ಬಣ್ಣದ ಕೆಲಸಕ್ಕೆ ಇಳಿದಿದ್ದೇನೆ ಎಂದು ಸಮಾನಸ್ಕಂಧನ ಗತ್ತಿನಲ್ಲಿ ಹೇಳಿದೆ. ಅವರ ಕೈಯಲ್ಲಿ ಗರುಡನದ್ದೊಂದು ಗೊಂಬೆ ಇತ್ತು. ಹಗುರ ಕಟ್ಟಿಗೆಯನ್ನು ಕೆತ್ತಿ, ಗೋಣಿ ನಾರು, ಕಟ್ಟಿಗೆ ಪುಡಿ, ಹುಣಸೆ ಬೀಜದ ಅಂಟು ಕೂಡಿಸಿದ ಕಿಟ್ಟದಿಂದ ಸಂದುಗಳನ್ನು ಮುಚ್ಚಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ ಕೊಟ್ಟು, ಒಣಗಿಸಿ, ತಿಕ್ಕಿ, ಬಿಳಿ ಬಳಿದು, ಅದೂ ಒಣಗಿದ ಮೇಲೆ ಕುಂಚ ಹಿಡಿಯುವ ಜನ ಅವರು. ಗರುಡ ಇನ್ನೂ ಬಿಳಿಯ ಹಂತದಲ್ಲಿದ್ದ. ಅವನ ಮೂಗಿನ ತುದಿಯಲ್ಲಿ ನನಗೆ ಕಾಣದ ಯಾವುದೋ ಉಬ್ಬನ್ನು ಅವರು ಹೆಬ್ಬೆರಳಿನಿಂದ ಸವರಿ ಸವರಿ ನೋಡುತ್ತಿದ್ದರು.

"ತಿಕ್ಕೀರೇನ್ರಿ ಮಾಸ್ತರ?" ಎಂದರು, ಮೂಗಿನಿಂದ ಕಣ್ಣು ತೆಗೆಯದೆ.

"ಒದ್ದಿ ಅರಿವಿಲೆ ಚೊಲೊತ್ನಂಗ ಒರಸೀನ್ರಿ."

"ಒರಸೂದು ಬ್ಯಾರೆ, ತಿಕ್ಕೂದು ಬ್ಯಾರೆ. ಮೊದಲ ಬಿಳಿ ಕೊಡ್ತೀರೋ, ಸೀದಾ ಬಣ್ಣಾನೋ?"

ಕಟ್ಟಿಗೆಗೆ ಬೇಕಾದದ್ದು ಕಬ್ಬಿಣಕ್ಕೆ ಬೇಡವೆಂದು ಅವರಿಗೆ ವಿವರಿಸಬಹುದಿತ್ತು. ಆದರೆ ಹಿರಿಯರ ಎದುರು ವಾದ ಮಾಡುವುದು ಸಭ್ಯತೆಯಲ್ಲ. ಮನೆಗೆ ಬಂದು, ಅವರ ಮನಸ್ಸಿಗೆ ನೋವಾಗದಿರಲೆಂದು, 180ನೇ ನಂಬರಿನ ಉಸುಕಿನ ಕಾಗದ ತಂದು ಕಣ್ಣಿಗೆ ಕಾಣುವಲ್ಲೆಲ್ಲ ತಿಕ್ಕಿದೆ. ಕಣ್ಣಿಗೆ ಕಾಣದಲ್ಲಿ ತಿಕ್ಕಿದರೆ ನೋಡುವವರು ಯಾರು? ಪೈಪುಗಳು ಕೂಡುವ ಮೂಲೆಗಳಲ್ಲಿ ಬೆರಳು ಹೋಗುವುದಿಲ್ಲ, ಹೋದ ಬೆರಳಿನ ಚರ್ಮ ವಾಪಸು ಬರುವುದಿಲ್ಲ. ಚೈನ್ ಕವರಿನ ಮೇಲೆ ‘ಕರ್ನಾಟಕ ಸರ್ಕಾರ’ ಎಂದಿತ್ತು. ಕರ್ನಾಟಕ ಅರ್ಧ ತಾಸಿನಲ್ಲಿ ಅಳಿಸಿಹೋಯಿತು. ಸರ್ಕಾರ ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಫ್ರೇಮನ್ನು ಹಿತ್ತಲ ಬೇವಿನ ಕೊಂಬೆಗೆ ಹಗ್ಗದಿಂದ ಇಳಿಬಿಟ್ಟೆ. ಡಬ್ಬಿಯನ್ನು ಒಳಗಿನ ಗೋಲಿ ಗಲಗಲ ಅನ್ನುವವರೆಗೆ ಅಲುಗಾಡಿಸಿ, ಒಂದು ಗೇಣು ದೂರದಿಂದ, ಕೈ ನಿಲ್ಲಿಸದೆ, ತೆಳ್ಳಗೆ, ಸ್ವಲ್ಪ ಸ್ವಲ್ಪ ಆರಲು ಬಿಟ್ಟು ಹೊಡೆಯಬೇಕು. ಗಾಳಿ ಇರಬಾರದು, ಬಿಸಿಲೂ ಬೇಡ. ಇರಕಲ್ಲಗಡದ ಮೇ ತಿಂಗಳಲ್ಲಿ ಈ ಎರಡೂ ಷರತ್ತು ಪೂರೈಸುವ ಹೊತ್ತು ಬೆಳಗಿನ ಜಾವ ಒಂದೇ. ಆಗ ಮಾಸ್ತರು ಮಲಗಿರುತ್ತಾರೆ. ನಾನು ಹೊಡೆದದ್ದು ಚಹಾ, ನಾಷ್ಟಾ, ಪೇಪರು ಎಲ್ಲ ಮುಗಿದ ಮೇಲೆ.

ಸೈಕಲ್ಲಿನ ಪೈಪು ಒಂದಿಂಚು ದಪ್ಪ. ಡಬ್ಬಿಯಿಂದ ಹೊರಟ ಬಣ್ಣ ಅಂಗೈಯಗಲ. ಪೈಪಿಗೆ ತಾಗಿದ್ದು ಪೈಪಿಗೆ, ಮಿಕ್ಕದ್ದು ಊರಿಗೆ. ನಾನು ಎಡಗಡೆ ಹೊಡೆಯಲು ನಿಂತರೆ ಗಾಳಿಗೆ ಫ್ರೇಮು ತಿರುಗಿ ಬಲಗಡೆ ತೋರಿಸುತ್ತಿತ್ತು. ನಾನು ಬಲಗಡೆ ಹೋದರೆ ಅದು ಎಡಗಡೆ. ಹೀಗೆ ನಾವಿಬ್ಬರೂ ಬೇವಿನ ಮರದ ಕೆಳಗೆ ಬಯಲಾಟದ ಪಾತ್ರಗಳಂತೆ ಸುತ್ತುತ್ತಿದ್ದಾಗ ಗುಡ್ಡದ ಕಡೆಯಿಂದ ಒಂದು ಸುಂಟರಗಾಳಿ ಎದ್ದಿತು. ಮಾಳಿಗೆಯ ಮೇಲೆ ಸೀರೆ ಹಾಸಿ ಮನೆಯಾಕೆ ಸಂಡಿಗೆ ಹಾಕಿದ್ದಳು ಎಂಬುದು ನೆನಪಾಗುವ ಹೊತ್ತಿಗೆ ಸಂಡಿಗೆಗಳಿಗೆ ಮೊದಲ ಕೋಟ್ ಮುಗಿದಿತ್ತು. ಸತ್ಯ ಹೇಳಬೇಕೆಂದರೆ, ಅಷ್ಟು ತೆಳ್ಳಗೆ, ಅಷ್ಟು ಸಮನಾಗಿ ಫ್ರೇಮಿನ ಮೇಲೆ ಎಲ್ಲೂ ಕೂತಿರಲಿಲ್ಲ.

"ಅರಿಶಿಣ ಹಾಕೀಯೇನವ್ವಾ ಸಂಡಿಗಿಗಿ?" ಎಂದು ಪಕ್ಕದ ಮನೆಯ ಚಿಗವ್ವ ಗೋಡೆಯಾಚೆಯಿಂದ ಕೇಳಿದಳು. ಮನೆಯಾಕೆ ಉತ್ತರಿಸಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. ಸೀರೆಯ ನಾಲ್ಕು ಮೂಲೆ ಹಿಡಿದು, ಎಲ್ಲವನ್ನೂ ಗಂಟು ಕಟ್ಟಿ ತಿಪ್ಪೆಗೆ ಒಯ್ದಳು.

ಮೊದಲ ಕೋಟ್ ಆರಿದ ಮೇಲೆ ದೂರ ನಿಂತು ನೋಡಿದೆ. ಸೈಕಲ್ಲು ಹಸಿರಾಗಿತ್ತು. ಹಳದಿ ಬಣ್ಣಕ್ಕೆ ಮುಚ್ಚುವ ಶಕ್ತಿ ಕಡಿಮೆ. ಕೆಳಗಿದ್ದದ್ದು ಸರ್ಕಾರಿ ನೀಲಿ. ನೀಲಿಗೆ ಹಳದಿ ಕೂಡಿದರೆ ಹಸಿರು ಎಂದು ಕರಿಹಲಗೆಯ ಮೇಲೆ ಎಷ್ಟು ಬ್ಯಾಚಿಗೆ ಕಲಿಸಿಲ್ಲ ನಾನು! ಪ್ರಯೋಗ ಸಹಿತ ತೋರಿಸಲು ಮಾತ್ರ ನಿವೃತ್ತಿಯವರೆಗೆ ಕಾಯಬೇಕಾಯಿತು. ಇದ್ದ ಡಬ್ಬಿಗಳನ್ನೆಲ್ಲ ಖಾಲಿ ಮಾಡಿದೆ. ತಿಕ್ಕಿದ್ದಲ್ಲಿ ಹಳದಿ ಬಂತು, ತಿಕ್ಕದಲ್ಲಿ ಗಿಳಿಹಸಿರು ಉಳಿಯಿತು, ಕೈ ನಿಧಾನವಾದಲ್ಲಿ ಬಣ್ಣ ಇಳಿದು ಕಣ್ಣೀರಾಗಿ ಗಟ್ಟಿಯಾಯಿತು. ಸೀಟಿನ ಕೆಳಗಿನ ಪೈಪಿನ ಮೇಲೆ ಒಂದು ನೊಣ ಕೂತಿದ್ದು ಏಳಲಾಗಲಿಲ್ಲ. ಅದರ ಆರೂ ಕಾಲು, ಎರಡೂ ರೆಕ್ಕೆ, ಹಳದಿ ಪದರದ ಕೆಳಗೆ ಈಗಲೂ ಎಣಿಸಲಿಕ್ಕೆ ಬರುತ್ತವೆ.

ಮುಟ್ಟಿದರೆ ಅಂಟದ ಬಣ್ಣ ಒಳಗೆ ಗಟ್ಟಿಯಾಗಿರುವುದಿಲ್ಲ. ಅದಕ್ಕೆ ಒಂದು ಹಗಲು ಒಂದು ರಾತ್ರಿಯಾದರೂ ಬೇಕು. ಸಂಜೆಗೇ ಹ್ಯಾಂಡಲ್ ಕೂಡಿಸುವಾಗ ಮುಂದಿನ ಪೈಪನ್ನು ಗಟ್ಟಿಯಾಗಿ ಹಿಡಿದೆ. ನನ್ನ ಬಲಗೈ ಹೆಬ್ಬೆಟ್ಟಿನ ಗುರುತು ಗೆರೆಗೆರೆಯಾಗಿ, ಉಪನೋಂದಣಿ ಕಚೇರಿಯವರೂ ಮೆಚ್ಚುವಷ್ಟು ಸ್ಪಷ್ಟವಾಗಿ ಅಲ್ಲಿ ಒತ್ತಿಕೊಂಡಿತು. ಸಾಕ್ಷರತಾ ಆಂದೋಲನದ ಕಾಲದಲ್ಲಿ ಲಾಟೀನು ಹಿಡಿದು ಮನೆಮನೆ ತಿರುಗಿ, ಹೆಬ್ಬೆಟ್ಟು ಬಿಡಿಸಿ ಸಹಿ ಕಲಿಸಿದ ಮಾಸ್ತರು ನಾನು. ಅವತ್ತು ನನ್ನ ಕೈಯಲ್ಲಿ ಅಕ್ಷರ ಕಲಿತ ಅಜ್ಜ ಈಗಲೂ ಆ ಪೈಪನ್ನು ಸವರಿ, ಹಲ್ಲಿಲ್ಲದ ಬಾಯಿ ತೆರೆದು ನಗುತ್ತಾನೆ.

ಮೊದಲ ದಿನ ಅಗಸಿಯವರೆಗೆ ಹೋಗುವಷ್ಟರಲ್ಲಿ ನಾಲ್ಕು ಮಂದಿ ತಡೆದು ಕೇಳಿದರು: "ರೈತ ಸಂಘ ಸೇರಿದ್ರೇನ್ರಿ ಮಾಸ್ತರ?" ಹಸಿರು ಶಾಲಿನವರು ಖುಷಿಯಾದರು. ಎಲೆಕ್ಷನ್ನಿಗೆ ನಿಂತಿದ್ದ ಇನ್ನೊಬ್ಬರು ನಮಸ್ಕಾರಕ್ಕೆ ಪ್ರತಿನಮಸ್ಕಾರ ಮಾಡಲಿಲ್ಲ. ಸೈಕಲ್ ಶಾಪಿನ ಕಾಕಾ ಮಾತ್ರ ಬಣ್ಣದ ಬಗ್ಗೆ ತುಟಿ ಬಿಚ್ಚದೆ, ಬಗ್ಗಿದ ಕಾಟರ್ ಪಿನ್ನನ್ನು ಎರಡೇ ಏಟಿಗೆ ಹೊರಗೆ ತೆಗೆದು, ಸುತ್ತಿದ್ದ ಪೇಪರನ್ನೂ ಕಿತ್ತು ನನ್ನ ಕೈಯಲ್ಲಿಟ್ಟ.

ಏನೇ ಇರಲಿ, ಉದ್ದೇಶ ಈಡೇರಿತು. ನಮ್ಮ ಸೈಕಲ್ಲನ್ನು ಈಗ ಯಾರೂ ತಪ್ಪಿ ಒಯ್ಯುವುದಿಲ್ಲ. ಕತ್ತಲಲ್ಲೂ ಗುರುತು ಸಿಗುತ್ತದೆ. ಸಿಗುತ್ತದೆ ಅಂದರೆ ಎಲ್ಲರಿಗೂ ಸಿಗುತ್ತದೆ. ಕರಿದದ್ದು ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ನಾನು ದಿನಾ ಸಂಜೆ ಗಾಳಿ ಸೇವನೆಗೆ ಹೋಗುವುದುಂಟು. ಮೊದಲೆಲ್ಲ ಮಿರ್ಚಿ ಅಂಗಡಿಯ ಮುಂದೆ ನಿಂತ ಸೈಕಲ್ಲು ಊರಿನ ಯಾವ ಅಪ್ಪನದ್ದಾದರೂ ಆಗಿರಬಹುದಿತ್ತು. ಈಗ ಹಾಲು ಹಾಕುವ ಹುಡುಗಿ ನೋಡುತ್ತಾಳೆ, ಕೊಪ್ಪಳದ ಬಸ್ಸಿನ ಕಿಟಕಿಯವರು ನೋಡುತ್ತಾರೆ. ಒಂದು ಸಂಜೆ ಒಗ್ಗರಣಿ-ಮಿರ್ಚಿಯ ಮೊದಲ ತುತ್ತು ಬಾಯಲ್ಲಿದ್ದಾಗಲೇ ಫೋನು ಬಂತು. ಮಾಡಿದ್ದು ಮನೆಯಾಕೆಯಲ್ಲ, ಧಾರವಾಡದಲ್ಲಿ ಓದುವ ಮಗಳು. "ಅಪ್ಪಾ, ಎಷ್ಟನೇದು?"

ಇದಕ್ಕೂ ಉಪಾಯವಿಲ್ಲದಿಲ್ಲ. ಸೈಕಲ್ಲನ್ನು ಪಂಚಾಯತಿ ಗ್ರಂಥಾಲಯದ ಮುಂದೆ, ಎಲ್ಲರಿಗೂ ಕಾಣುವಂತೆ ನಿಲ್ಲಿಸಿ, ಹಿಂದಿನ ಸಂದಿಯಿಂದ ನಡೆದುಕೊಂಡು ಮಿರ್ಚಿ ಅಂಗಡಿಗೆ ಹೋಗತೊಡಗಿದೆ. ಮಾಸ್ತರು ನಿವೃತ್ತರಾದ ಮೇಲೂ ಎಷ್ಟು ಓದುತ್ತಾರೆಂದು ಊರಲ್ಲಿ ಹೆಸರಾಯಿತು. ಮನೆಯಾಕೆಯ ಮುಖದ ಗಂಟೂ ಸಡಿಲಾಯಿತು. ನಿನ್ನೆ ರಾತ್ರಿ ರೊಟ್ಟಿ ಬಡಿಸುತ್ತ ಮೆಲ್ಲಗೆ ಕೇಳಿದಳು:

"ಇವತ್ತ ಏನು ಓದಿದ್ರಿ?"

"ಕೃಷಿ ಪತ್ರಿಕಿ" ಎಂದೆ.

"ಸೋಮವಾರ ಲೈಬ್ರರಿಗೆ ಸೂಟಿ ಇರ್ತೈತಲ್ರಿ?"