ಹತ್ತು ಡೆಸಿಬಲ್ ತಡ್ಕೋರಿ

ಗದಗ-ಬೆಟಗೇರಿಯವರು ಪುಣ್ಯವಂತರು. ರಾತ್ರಿ ಮಲಗಲು ಅವರಿಗೆ ಕೇಂದ್ರ ಸರ್ಕಾರವೇ ಗೆಜೆಟ್ಟಿನಲ್ಲಿ ಅನುಮತಿ ಕೊಟ್ಟಿದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಇದು ಗಣಪತಿಗೂ ಗೊತ್ತು; ಅವನನ್ನು ಹೊತ್ತ ಟ್ರ್ಯಾಕ್ಟರಿಗೆ ಮಾತ್ರ ಗೊತ್ತಿಲ್ಲ. ಹಿಂದೆಯೇ ಆಳೆತ್ತರದ ಡಿಜೆ ಪೆಟ್ಟಿಗೆಗಳು ಬಂದರೆ ಕಿಟಕಿಯ ಗಾಜು, ಅಡುಗೆಮನೆಯ ತಾಟು, ಅಜ್ಜನ ಎದೆ ಮೂರೂ ಒಂದೇ ತಾಳಕ್ಕೆ ಕುಣಿಯುತ್ತವೆ.

ದೂರು ಕೊಡಬಹುದೇ? ಧಾರಾಳವಾಗಿ. ಆದರೆ ಹಗಲಾದರೆ ಶಬ್ದ ಮಿತಿಗಿಂತ 10 ಡೆಸಿಬಲ್ ಆದರೂ ಹೆಚ್ಚಿರಬೇಕು, ಒಂಬತ್ತಿದ್ದರೆ ತಡ್ಕೋಬೇಕು. ಹತ್ತು ಡೆಸಿಬಲ್ ಏರಿತೆಂದರೆ ಶಬ್ದದ ಶಕ್ತಿ ಹತ್ತು ಪಟ್ಟಾಯಿತೆಂದು ಲೆಕ್ಕ. ಇಷ್ಟು ದೊಡ್ಡ ಮನಸ್ಸಿನ ಕಾನೂನು ಇನ್ನೊಂದಿದ್ದರೆ ತೋರಿಸಿ. ಠಾಣೆಗೆ ಫೋನು ಹಚ್ಚಿದಿರಿ ಅನ್ನಿ. "ಎಷ್ಟ್ ಸೌಂಡ್ ಐತ್ರಿ?" ಎಂದು ಕೇಳಿದವರಿಗೆ ನಿಮ್ಮ ಉತ್ತರ ಕೇಳಿಸುವುದಿಲ್ಲ. ಅದೇ ಉತ್ತರ.

ಇನ್ನು ರಿಯಾಯಿತಿ. ಧಾರ್ಮಿಕ, ಸಾಂಸ್ಕೃತಿಕ ಹಬ್ಬಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 10ರಿಂದ 12ರವರೆಗೆ ರಾಜ್ಯ ಸರ್ಕಾರ ಮೈಕಿಗೆ ಅನುಮತಿ ಕೊಡಬಹುದು. 2005ರಲ್ಲಿ ಸುಪ್ರೀಂ ಕೋರ್ಟೂ ಅಸ್ತು ಎಂದಿದೆ. ಹದಿನೈದನ್ನು ಹಂಚುವವರ ಪಾಡು ನೋಡಿ: ಗದುಗಿನ ತೋಂಟದಾರ್ಯ ಮಠದ ಜಾತ್ರೆ, ಶಿರಹಟ್ಟಿ ಫಕೀರೇಶ್ವರನದು, ಮುಂಡರಗಿ ಅನ್ನದಾನೀಶ್ವರನದು, ಲಕ್ಷ್ಮೇಶ್ವರದ ಸೋಮೇಶ್ವರನ ಉತ್ಸವ, ಮೇಲೆ ಉರುಸು, ಜಯಂತಿ, ರಾಜ್ಯೋತ್ಸವ. ದೇವರುಗಳು ಹೇಗೋ ಹೊಂದಿಕೊಂಡಾರು. ಮುಖಂಡರ ಹುಟ್ಟುಹಬ್ಬಗಳನ್ನು ಎಲ್ಲಿ ಸೇರಿಸುವುದು? ರಾತ್ರಿಯ ಮೈಕಿಗೆ ನಿಯಮದಲ್ಲಿ ಇನ್ನೊಂದು ಕಿಂಡಿಯಿದೆ, 'ಸಾರ್ವಜನಿಕ ತುರ್ತು ಸಂದರ್ಭ' ಅಂತ. ಬಹುಶಃ ಅಲ್ಲಿ.

ಈ ರಿಯಾಯಿತಿ ಸಿಕ್ಕಿದ್ದು ಹೊತ್ತಿಗೆ ಮಾತ್ರ. ಸಾರ್ವಜನಿಕ ಜಾಗದ ಅಂಚಿನಲ್ಲಿ ಆ ಪ್ರದೇಶದ ಮಿತಿಗಿಂತ 10 ಹೆಚ್ಚು ಅಥವಾ 75 ಡೆಸಿಬಲ್, ಯಾವುದು ಕಡಿಮೆಯೋ ಅದು, ಎಂಬ ಗೆರೆ ಹಬ್ಬದ ದಿನವೂ ಅಳಿಸುವುದಿಲ್ಲ. ಅನುಮತಿ ಪತ್ರವನ್ನು ಅಲ್ಲೀತನಕ ಓದಿದ ಪೆಂಡಾಲಿನವರು ಸಿಕ್ಕರೆ ಸನ್ಮಾನ ಮಾಡೋಣ, ಮೈಕಿಲ್ಲದೆ.

ಹಾಗೆಂದು ನಿಯಮವನ್ನು ಜಾರಿಗೆ ತರಲಾಗದು ಎನ್ನಬೇಡಿ. ಬೆಳಗಿನ ಆರಕ್ಕೆ ಮುಂಚೆ ಬಯಲಲ್ಲಿ ವಾದ್ಯ ನುಡಿಸುವಂತಿಲ್ಲ. ಪಂಚಾಕ್ಷರಿ, ಪುಟ್ಟರಾಜ ಗವಾಯಿಗಳ ಈ ಊರಿನಲ್ಲಿ ಯಾವನೋ ಹುಡುಗ ಐದಕ್ಕೆದ್ದು ಅಂಗಳದಲ್ಲಿ ತಂಬೂರಿ ಮೀಟಿದರೆ ಅದೂ ನಿಯಮ ಮುರಿದಂತೆಯೇ. ಹಿಡಿಯುವುದೂ ಸುಲಭ: ಒಬ್ಬನೇ ಇರುತ್ತಾನೆ, ಟ್ರ್ಯಾಕ್ಟರ್ ಇರುವುದಿಲ್ಲ, ಬಿಡಿಸಲು ಫೋನು ಮಾಡುವ ಸಾಹೇಬರೂ ಇರುವುದಿಲ್ಲ.